ಸೀತಾಳೆ ದಂಡೆಯೂ ಅದರ ನೆಲೆಯೂ

ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತಿಗೆ ಮಲೆನಾಡಿನ ದಾರಿಗಳಲ್ಲಿ ಸಂಚರಿಸುವವರಿಗೆ ಒಂದು ನೋಟವು ತಪ್ಪದೆ ಕಾಣಸಿಗುವುದು. ಹಳೆಯ ಮತ್ತಿಯ ಮರದ ಕವಲಿನಿಂದಲೋ, ಮನೆಯ ಹಿಂದಿನ ಹಲಸಿನ ಕೊಂಬೆಯಿಂದಲೋ, ಹೆಣೆದ ಜಡೆಯಂತೆ ಒಂದೂವರೆ ಎರಡು ಅಡಿ ಉದ್ದದ ಹೂಗೊಂಚಲುಗಳು ಕೆಳಮುಖವಾಗಿ ಜೋಲುತ್ತಿರುವುವು. ಬಿಳಿಯ ಎಸಳುಗಳ ಮೇಲೆ ನಸುಗೆಂಪು ಚುಕ್ಕೆಗಳು. ಹತ್ತಿರ ಹೋದರೆ ಮಂದವಾದ ಸುವಾಸನೆ. ಇದೇ ಸೀತಾಳೆ ದಂಡೆ. ಕೆಲವು ಕಡೆ ಇದನ್ನು ಸೀತೆಯ ದಂಡೆಯೆಂದೂ ಕರೆಯುವರು. ವನವಾಸದ ಕಾಲದಲ್ಲಿ ಸೀತಾದೇವಿಯು ಮುಡಿದ ಹೂವೆಂದು ಹಿರಿಯರು ಹೇಳುವುದುಂಟು. ಹೆಂಗಸರು ಇದನ್ನು ಮುಡಿಯುವರು. ಮಕ್ಕಳು ಇದಕ್ಕಾಗಿ ಮರ ಹತ್ತುವರು.

ಹೀಗೆ ಎಲ್ಲರಿಗೂ ಪರಿಚಿತವಾದ ಈ ಗಿಡದ ಜೀವನಕ್ರಮವು ಮಾತ್ರ ಬಹು ಜನರಿಗೆ ತಿಳಿಯದು. ಮರದ ಮೇಲೆ ಬೆಳೆಯುವುದೆಲ್ಲವೂ ಮರದ ರಸವನ್ನು ಹೀರುವ ಬಂದಳಿಕೆಯೇ ಎಂಬ ಭಾವನೆಯು ತೋಟಗಾರರಲ್ಲಿಯೂ ಆಳುಗಳಲ್ಲಿಯೂ ಬೇರೂರಿದೆ. ಇದರಿಂದ ಎರಡು ಬಗೆಯ ನಷ್ಟಗಳು ಉಂಟಾಗುತ್ತಿವೆ. ನಿರಪರಾಧಿಯಾದ ಗಿಡವು ಕಿತ್ತು ಬೀಳುವುದು ಒಂದು. ಅಪರಾಧಿಯಾದ ಬಂದಳಿಕೆಯು ಅದೇ ಮರದಲ್ಲಿ ಉಳಿದು ಕೊಂಬೆಗಳನ್ನು ಒಣಗಿಸುವುದು ಇನ್ನೊಂದು. ಆದಕಾರಣ ಭೂಮಾಲೀಕರೂ ಗ್ರಾಮದ ಮುಖಂಡರೂ ಇವೆರಡರ ಭೇದವನ್ನು ಅರಿತಿರುವುದು ಅವಶ್ಯಕವಾಗಿದೆ.

ಗಿಡದ ಗುರುತು

ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಕರೆಯುವರು. ಲಿನೇಯಸ್ ಪಂಡಿತನು 1753ರಲ್ಲಿಯೇ ಇದನ್ನು ಬೇರೊಂದು ಕುಲದ ಹೆಸರಿನಲ್ಲಿ ವರ್ಣಿಸಿದ್ದನು. 1825ರಲ್ಲಿ ಬ್ಲೂಮ್ ಎಂಬವನು ಈಗಿನ ಕುಲವನ್ನು ಏರ್ಪಡಿಸಿದನು. ಹೂವಿನ ನಡುವಣ ಕಂಬವು ಹಕ್ಕಿಯ ಕೊಕ್ಕಿನಂತಿರುವುದರಿಂದ ಗ್ರೀಕ್ ಭಾಷೆಯಲ್ಲಿ ಕುಲಕ್ಕೆ ಆ ಹೆಸರು ಬಂದಿತು. ಎಲೆಯ ತುದಿಯು ಮೊಂಡಾಗಿ ಸೀಳಿರುವುದರಿಂದ ಎರಡನೆಯ ಹೆಸರು ಬಂದಿತು.

ಇದರ ಕಾಂಡವು ಗಿಡ್ಡವಾಗಿಯೂ ದಪ್ಪವಾಗಿಯೂ ಇರುವುದು. ಎಲೆಗಳು ಎರಡು ಸಾಲಾಗಿ ಎದುರುಬದುರಿಗೆ ಹುಟ್ಟುವುವು. ಪಟ್ಟಿಯಂತೆ ಉದ್ದವಾಗಿ, ಮಾಂಸಲವಾಗಿ, ನಡುವೆ ದೋಣಿಯಂತೆ ಮಡಿಸಿರುವುವು. ತುದಿಯು ಚೂಪಾಗಿರದೆ, ಯಾರೋ ಕಚ್ಚಿ ಬಿಟ್ಟಂತೆ ಒಂದಕ್ಕೊಂದು ಸರಿಯಿಲ್ಲದ ಎರಡು ಭಾಗಗಳಾಗಿ ಕಾಣುವುದು. ಬೇರುಗಳು ಬೆರಳಿನ ಗಾತ್ರದವರೆಗೂ ದಪ್ಪವಾಗಿ ತೊಗಟೆಯ ಮೇಲೆ ಹರಿದಾಡುವುವು. ಕೆಲವು ಗಾಳಿಯಲ್ಲಿ ತೂಗಾಡುವುವು. ಎಲೆಗಳ ಬುಡದಿಂದ ಹೂಗೊಂಚಲು ಹೊರಟು ಕೆಳಕ್ಕೆ ಬಾಗುವುದು. ಒಂದು ಒಳ್ಳೆಯ ಗೊಂಚಲಿನಲ್ಲಿ ನೂರಕ್ಕೂ ಮಿಕ್ಕಿದ ಹೂಗಳು ಒತ್ತೊತ್ತಾಗಿ ಇರುವುದುಂಟು. ಒಂದೊಂದು ಹೂವೂ ಮುಕ್ಕಾಲು ಅಂಗುಲದಷ್ಟು ಅಗಲ. ನರಿಯ ಬಾಲದಂತೆ ತೋರುವುದರಿಂದ ಆಂಗ್ಲರು ಇದಕ್ಕೆ ನರಿಬಾಲದ ಹೂವೆಂದು ಹೆಸರಿಟ್ಟರು.

ನಮ್ಮ ದೇಶದಲ್ಲಿ ಸೀತಾಳೆಯ ಜಾತಿಗಳು ಅನೇಕ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 1,256 ಬಗೆಗಳನ್ನು ಎಣಿಸಿದೆ. ಇವುಗಳಲ್ಲಿ ಕೆಲವು ನೆಲದಲ್ಲಿ ಬೆಳೆಯುವುವು. ಹೆಚ್ಚಿನವು ಮರವನ್ನು ಆಶ್ರಯಿಸುವುವು. ಸೀತಾಳೆ ದಂಡೆಯು ಎರಡನೆಯ ಗುಂಪಿಗೆ ಸೇರಿದುದು.

ಇದರ ನೆಲೆ

ಸೀತಾಳೆ ದಂಡೆಯು ಕೇವಲ ನಮ್ಮ ಪ್ರಾಂತದ ಸೊತ್ತಲ್ಲ. ಪಶ್ಚಿಮ ಘಟ್ಟಗಳು, ಸಿಂಹಳ, ಹಿಮಾಲಯದ ತಪ್ಪಲು, ಅಸ್ಸಾಮ್, ಬರ್ಮಾ, ಮಲಯ ಮೊದಲಾದ ಪ್ರದೇಶಗಳನ್ನು ದಾಟಿ ಫಿಲಿಪೈನ್ಸ್ ದ್ವೀಪಗಳವರೆಗೂ ಇದು ಹಬ್ಬಿದೆ. ಅಸ್ಸಾಮಿನವರು ಇದನ್ನು ಕೊಪೌ ಹೂವೆನ್ನುವರು. ಅಲ್ಲಿ ಏಪ್ರಿಲ್ ತಿಂಗಳ ನಡುವೆ ಬರುವ ರಂಗಾಲಿ ಬಿಹು ಹಬ್ಬದಲ್ಲಿ ಕುಣಿಯುವ ತರುಣಿಯರು ಈ ಹೂವನ್ನು ತುರುಬಿಗೆ ಸುತ್ತಿಕೊಳ್ಳುವರು. ಅಸ್ಸಾಮ್ ಮತ್ತು ಅರುಣಾಚಲ ಪ್ರದೇಶಗಳೆರಡೂ ಇದನ್ನು ತಮ್ಮ ರಾಜ್ಯಪುಷ್ಪವನ್ನಾಗಿ ಸ್ವೀಕರಿಸಿರುವುವು.

ಕರ್ಣಾಟಕದಲ್ಲಿ ಕೊಡಗು, ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ, ಸಾಗರ, ಸಿದ್ಧಾಪುರ, ಶಿರಸಿ, ಯಲ್ಲಾಪುರ ಮುಂತಾದ ಕಡೆಗಳ ಕಾಡುಗಳಲ್ಲಿಯೂ ತೋಟಗಳಲ್ಲಿಯೂ ಇದು ಕಾಣುವುದು. ಬಿಸಿಲು ನೆಲಕ್ಕೆ ಬೀಳದಂಥ ದಟ್ಟವಾದ ಅಡವಿಯ ಒಳಭಾಗವು ಇದಕ್ಕೆ ಅಷ್ಟಾಗಿ ಒಗ್ಗದು. ಬೇಸಗೆಯಲ್ಲಿ ಎಲೆ ಉದುರುವ ಮರಗಳ ಕಾಡು, ಕಾಡಿನ ಅಂಚು, ದಾರಿಯ ಬದಿಯ ಸಾಲುಮರ, ಹಳೆಯ ತೋಪು, ದೇವರ ಬನ, ನೆರಳಿನ ಕಾಫಿತೋಟ ಇವೇ ಇದರ ಮೆಚ್ಚಿನ ಸ್ಥಳಗಳು. ಚದುರಿದ ಬೆಳಕು, ಚಲಿಸುವ ಗಾಳಿ, ಮಳೆಗಾಲದಲ್ಲಿ ತೇವ, ಬಳಿಕ ಕೆಲವು ತಿಂಗಳ ಒಣಹವೆ, ಈ ನಾಲ್ಕೂ ಕೂಡಿದಲ್ಲಿ ಅದು ಹುಲುಸಾಗಿ ಬೆಳೆಯುವುದು.

ಮರದ ಆಯ್ಕೆಯಲ್ಲಿಯೂ ಒಂದು ಕ್ರಮವುಂಟು. ಮತ್ತಿಯ ತೊಗಟೆಯು ಮೊಸಳೆಯ ಬೆನ್ನಿನಂತೆ ಬಿರಿದಿರುವುದು. ಆ ಬಿರುಕುಗಳಲ್ಲಿ ತೇವವೂ ಕಸವೂ ನಿಲ್ಲುವುದರಿಂದ ಬೀಜವು ತಂಗುವುದಕ್ಕೆ ಅನುಕೂಲ. ಹಲಸು, ಮಾವುಗಳ ಒರಟು ತೊಗಟೆಯೂ ಹಾಗೆಯೇ. ನಂದಿಯಂತೆ ವರುಷವರುಷವೂ ಸಿಪ್ಪೆ ಕಳಚುವ ನುಣುಪಾದ ಮರಗಳಲ್ಲಿ ಬೇರು ನಿಲ್ಲುವುದು ಪ್ರಯಾಸವೇ ಸರಿ. ಎಳೆಯ ಮರಕ್ಕಿಂತ ಮುದಿಮರವು ಉತ್ತಮ; ಏಕೆಂದರೆ ತೊಗಟೆ ಒರಟಾಗುವುದಕ್ಕೂ ಅದರ ಮೇಲೆ ಹಾವಸೆ ಕಟ್ಟುವುದಕ್ಕೂ ಕಾಲ ಹಿಡಿಯುವುದು. ಹೀಗಾಗಿ ಒಂದು ಊರಿನಲ್ಲಿ ಸೀತಾಳೆಯು ಹೇರಳವಾಗಿದ್ದರೆ ಆ ಊರಿನವರು ತಮ್ಮ ಹಳೆಯ ಮರಗಳನ್ನು ಉಳಿಸಿಕೊಂಡಿರುವರೆಂದೇ ಅರ್ಥ.

ಮಣ್ಣಿಲ್ಲದೆ ಬದುಕುವ ಬಗೆ

ಮಣ್ಣನ್ನು ಮುಟ್ಟದ ಗಿಡವು ಮರದ ರಸವನ್ನು ಕುಡಿಯದೆ ಬದುಕುವುದಾದರೂ ಹೇಗೆಂಬ ಸಂದೇಹವು ಸಹಜವಾದುದು. ಇದರ ಉತ್ತರವು ಬೇರಿನಲ್ಲಿಯೂ ಎಲೆಯಲ್ಲಿಯೂ ಇದೆ.

ಬೇರಿನ ಸುತ್ತಲೂ ಬೆಂಡಿನಂಥ ಒಂದು ಬಿಳಿಯ ಕವಚವುಂಟು. ಇದರ ಕಣಗಳು ಒಣಗಿದಾಗ ಬರಿದಾಗಿ ಗಾಳಿ ತುಂಬಿರುವುವು. ಮಳೆ ಬಿದ್ದ ಕೂಡಲೇ ನೀರನ್ನು ಹೀರಿ ತುಂಬಿಕೊಳ್ಳುವುವು. ಒಣಗಿದ ಬೇರಿನ ಮೇಲೆ ನೀರು ಚಿಮುಕಿಸಿದರೆ ನೋಡುತ್ತಿರುವಂತೆಯೇ ಬಿಳಿಯ ಬಣ್ಣವು ಹಸಿರಿಗೆ ತಿರುಗುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮಳೆಯ ನೀರು ಎಲೆ ತೊಗಟೆಗಳನ್ನು ತೊಳೆದು ಇಳಿಯುವಾಗ ಅದರೊಡನೆ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ತರಗು ಇವುಗಳ ಸಾರವೂ ಇಳಿದುಬರುವುದು. ಈ ತೆಳುವಾದ ಗೊಬ್ಬರವೇ ಗಿಡಕ್ಕೆ ಸಾಕು. ಹಸಿರಾದ ಬೇರು, ಎಲೆಗಳಿಂದ ಅದು ತನ್ನ ಅನ್ನವನ್ನು ತಾನೇ ತಯಾರಿಸಿಕೊಳ್ಳುವುದು.

ಇಂಥ ದಪ್ಪನೆಯ ಎಲೆಗಳ ಸೀತಾಳೆಗಳು ಬೇಸಗೆಯನ್ನು ಎದುರಿಸುವ ಉಪಾಯವು ವಿಚಿತ್ರವಾದುದು. ಬೇರೆ ಗಿಡಗಳ ಎಲೆಯ ಸೂಕ್ಷ್ಮರಂಧ್ರಗಳು ಹಗಲು ತೆರೆದಿರುವುವು; ಇವುಗಳದಾದರೋ ಹಗಲು ಮುಚ್ಚಿಕೊಂಡಿದ್ದು ತಂಪಾದ ರಾತ್ರಿಯಲ್ಲಿ ತೆರೆಯುವುವು. ರಾತ್ರಿ ಒಳಗೆ ಕೊಂಡ ಅಂಗಾರಾಮ್ಲವಾಯುವನ್ನು ಆಮ್ಲರೂಪದಲ್ಲಿ ಕೂಡಿಟ್ಟು ಹಗಲು ಬಿಸಿಲಿನಲ್ಲಿ ಬಳಸಿಕೊಳ್ಳುವುವು. ಇದರಿಂದ ನೀರು ಆವಿಯಾಗಿ ಹೋಗುವುದು ಬಹಳ ಕಡಮೆ. ಮಿತವ್ಯಯದಲ್ಲಿ ಇದಕ್ಕೆ ಸಮನಾದ ಒಕ್ಕಲಿಗನು ದೊರೆಯುವುದು ಅಪೂರ್ವ.

ಇಷ್ಟರಿಂದ ಒಂದು ಸಂಗತಿಯು ವಿಶದವಾಗುವುದು. ಈ ಗಿಡವು ಮರದಿಂದ ಪಡೆಯುವುದು ನಿಲ್ಲುವುದಕ್ಕೆ ಸ್ಥಳವನ್ನು ಮಾತ್ರ. ಜಗಲಿಯಲ್ಲಿ ಮಲಗಿ ತನ್ನ ಬುತ್ತಿಯನ್ನೇ ಉಂಡುಹೋಗುವ ದಾರಿಗನಂತೆ ಅದು ಮರದಲ್ಲಿರುವುದು.

ಬೀಜದ ಕಷ್ಟ

ಸೀತಾಳೆಯ ಕಾಯೊಂದರಲ್ಲಿ ಬೀಜಗಳು ಲೆಕ್ಕವಿಲ್ಲದಷ್ಟು ಇರುವುವು. ಆದರೆ ಅವು ಧೂಳಿನಷ್ಟು ಸಣ್ಣವು. ರಾಗಿ, ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ತುಂಬಿರುವಂತೆ ಇವುಗಳಲ್ಲಿ ಏನೂ ಇಲ್ಲ. ಗಾಳಿಯಲ್ಲಿ ತೇಲಿಹೋದ ಬೀಜವು ತೊಗಟೆಯ ಮೇಲೆ ಇಳಿದು, ಅಲ್ಲಿ ತಕ್ಕ ಜಾತಿಯ ಸೂಕ್ಷ್ಮವಾದ ಶಿಲೀಂಧ್ರವು ಅದನ್ನು ಸೇರಿ ಆಹಾರವನ್ನು ಒದಗಿಸಿದರೆ ಮಾತ್ರ ಮೊಳೆಯುವುದು. ಸೀತಾಳೆಯ ಬೀಜಕ್ಕೂ ಶಿಲೀಂಧ್ರಕ್ಕೂ ಇರುವ ಈ ಸಂಬಂಧವನ್ನು ಫ್ರಾನ್ಸ್ ದೇಶದ ನೋಯೆಲ್ ಬರ್ನಾರ್ಡ್ ಎಂಬ ವಿಜ್ಞಾನಿಯು 1899ರಲ್ಲಿ ಕಂಡುಹಿಡಿದನು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬವನು, ಸಕ್ಕರೆ ಬೆರೆಸಿದ ಪಾಕದ ಮೇಲೆ ಶಿಲೀಂಧ್ರದ ನೆರವಿಲ್ಲದೆ ಗಾಜಿನ ಪಾತ್ರೆಯಲ್ಲಿ ಬೀಜವನ್ನು ಮೊಳೆಯಿಸಬಹುದೆಂದು ಪ್ರಕಟಿಸಿದನು. ಇಂದಿನ ಪ್ರಯೋಗಶಾಲೆಗಳಲ್ಲಿ ಸಸಿಗಳನ್ನು ಎಬ್ಬಿಸುವ ಕ್ರಮಕ್ಕೆ ಇದೇ ಮೂಲ.

ಕಾಡಿನಲ್ಲಾದರೋ ಅಸಂಖ್ಯ ಬೀಜಗಳಲ್ಲಿ ಎಲ್ಲಿಯೋ ಒಂದು ಮೊಳೆಯುವುದು. ಮೊಳೆತುದು ಹೂಬಿಡಬೇಕಾದರೆ ಹಲವು ವರುಷಗಳು ಕಳೆಯಬೇಕು. ಹೂವಾದ ಮೇಲೂ ಕಾಯಿ ಬಲಿತು ಬಿರಿಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯುವುದು. ಆದುದರಿಂದ ಒಂದು ಗಳಿಗೆಯಲ್ಲಿ ಕತ್ತಿಯಿಂದ ಕೆರೆದು ಹಾಕಿದ ಬುಡಕ್ಕೆ ಬದಲಾಗಿ ಇನ್ನೊಂದು ಬರುವುದೆಂದು ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ಗೊಂಚಲುಗಳನ್ನೆಲ್ಲ ಕೊಯ್ದರೂ ಬೀಜಕ್ಕೆ ಅವಕಾಶವಿರುವುದಿಲ್ಲ.

ಬಂದಳಿಕೆಗೂ ಸೀತಾಳೆಗೂ ಇರುವ ಭೇದ

ಒಬ್ಬ ಯಜಮಾನರ ಹಿತ್ತಿಲಲ್ಲಿ ಅಜ್ಜನ ಕಾಲದ ಮಾವಿನ ಮರವೊಂದು ಇರುವುದೆನ್ನೋಣ. ಕೆಲವು ವರುಷಗಳಿಂದ ಫಸಲು ಇಳಿಯುತ್ತ ಬಂದಿದೆ. ತುದಿಯ ಕೊಂಬೆಗಳು ಒಣಗಿವೆ. ಮರವನ್ನು ಶುಚಿಮಾಡಬೇಕೆಂದು ಅವರು ಆಳನ್ನು ಹತ್ತಿಸುವರು. ಕೆಳಗಿನ ದಪ್ಪ ಕವಲುಗಳಲ್ಲಿ ಕೈಗೆ ಸುಲಭವಾಗಿ ಸಿಗುವುದು ಸೀತಾಳೆ. ಅದನ್ನು ಅವನು ಕೆರೆದು ಹಾಕುವನು. ತುದಿಗೊಂಬೆಗಳಲ್ಲಿ ಮಾವಿನ ಎಲೆಯೊಡನೆಯೇ ಬೆರೆತು ಹಸಿರಾಗಿರುವ ಬಂದಳಿಕೆಯು ಅವನ ಕಣ್ಣಿಗೆ ಬೀಳದು. ಕೂಲಿಯ ಹಣವು ವೆಚ್ಚವಾಯಿತು, ಹೂವಿನ ಗಿಡವು ಹೋಯಿತು, ರೋಗವು ನಿಂತಲ್ಲಿಯೇ ನಿಂತಿತು. ಮರುವರುಷವೂ ಫಸಲು ಇಳಿದಾಗ, ಮರವೇ ಮುದಿಯಾಯಿತೆಂದು ಅದನ್ನು ಕೊಡಲಿಗೆ ಒಪ್ಪಿಸುವ ಯೋಚನೆಯೂ ಬರಬಹುದು. ಒಂದು ತಪ್ಪು ಗುರುತಿನಿಂದ ಇಷ್ಟು ಅನರ್ಥ.

ಬಂದಳಿಕೆಯು, ಅಥವಾ ಬದನಿಕೆಯು, ಅಗಲವಾದ ಎಲೆಗಳುಳ್ಳ ಪೊದೆ. ಅದಕ್ಕೆ ಕವಲೊಡೆದ ಕಟ್ಟಿಗೆಯ ಕಾಂಡವುಂಟು. ಅದು ಕೊಂಬೆಯನ್ನು ಸೇರುವಲ್ಲಿ ಗಂಟಿನಂತೆ ಊತವಿರುವುದು. ಆ ಗಂಟಿನಲ್ಲಿ ಅದರ ಹೀರುಬೇರು ತೊಗಟೆಯನ್ನು ತೂರಿ ಮರದ ಕಟ್ಟಿಗೆಯೊಳಗೆ ಇಳಿದು ನೀರನ್ನೂ ಲವಣಗಳನ್ನೂ ಕದಿಯುವುದು. ಗಂಟಿನಿಂದಾಚೆಯ ತುದಿಯು ಕ್ರಮೇಣ ಸೊರಗುವುದು. ಅದರ ಹಣ್ಣಿನ ಬೀಜಕ್ಕೆ ಅಂಟು ಇರುವುದು. ಬದನಿಕೆ ಹಕ್ಕಿಯೆಂಬ ಗುಬ್ಬಿಗಿಂತಲೂ ಸಣ್ಣದಾದ ಪಕ್ಷಿಯು ಆ ಹಣ್ಣನ್ನು ತಿಂದು ಬೀಜವನ್ನು ಮರದಿಂದ ಮರಕ್ಕೆ ಹರಡುವುದು.

ಸೀತಾಳೆಯಲ್ಲಿ ಗಂಟಿಲ್ಲ, ಕಟ್ಟಿಗೆಯಿಲ್ಲ, ಹಣ್ಣಿಲ್ಲ. ಅದರ ಬೇರು ತೊಗಟೆಯ ಮೇಲೆಯೇ ಅಂಟಿಕೊಂಡಿರುವುದಲ್ಲದೆ ಒಳಗೆ ಇಳಿಯುವುದಿಲ್ಲ. ಬೇರನ್ನು ಮೆಲ್ಲನೆ ಬಿಡಿಸಿದರೆ ಅದರಡಿಯ ತೊಗಟೆಯು ಗಾಯವಿಲ್ಲದೆ ಇರುವುದು. ಇದೊಂದು ಪರೀಕ್ಷೆಯೇ ಸಂದೇಹವನ್ನು ನಿವಾರಿಸಲು ಸಾಕು.

ಬಂದಳಿಕೆಯನ್ನು ತೆಗೆಯುವಾಗ ಅದನ್ನು ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಒಳಗುಳಿದ ಬೇರಿನಿಂದ ಪುನಃ ಚಿಗುರುವುದು. ಸಣ್ಣ ಕೊಂಬೆಯಾದರೆ ಗಂಟಿನಿಂದ ಒಂದು ಅಡಿ ಬುಡದ ಕಡೆಗೆ ಸರಿದು ಕೊಂಬೆಯನ್ನೇ ಕತ್ತರಿಸತಕ್ಕದ್ದು. ಹಣ್ಣು ಮಾಗುವುದಕ್ಕೆ ಮುಂಚಿತವಾಗಿಯೇ ಈ ಕೆಲಸವನ್ನು ಮುಗಿಸಬೇಕು. ಕಡಿದ ಗಾಯಕ್ಕೆ ಬೋರ್ಡೋ ಸರಿಯನ್ನು ಹಚ್ಚಿದರೆ ಕೊಳೆ ಹತ್ತದು. ಒಬ್ಬರು ತೆಗೆದು ನೆರೆಯವರು ಬಿಟ್ಟರೆ ಹಕ್ಕಿಯು ಮರಳಿ ಬೀಜವನ್ನು ತರುವುದರಿಂದ ಊರಿನವರೆಲ್ಲರೂ ಒಂದೇ ಕಾಲದಲ್ಲಿ ಈ ಕೆಲಸವನ್ನು ಮಾಡುವಂತೆ ಮುಖಂಡರು ಏರ್ಪಡಿಸಿದರೆ ಉತ್ತಮ.

ನೆಲೆಗೆ ಒದಗಿರುವ ಹಾನಿ

ಸೀತಾಳೆಗೆ ಇಂದು ಬಂದಿರುವ ಕುತ್ತುಗಳಲ್ಲಿ ತಪ್ಪು ಗುರುತು ಒಂದು ಮಾತ್ರ. ಕಾಫಿತೋಟಗಳಲ್ಲಿ ನಾನಾ ಜಾತಿಯ ಕಾಡುಮರಗಳ ನೆರಳನ್ನು ತೆಗೆದು, ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವೊಂದನ್ನೇ ಸಾಲಾಗಿ ನೆಡುವ ವಾಡಿಕೆಯು ಹೆಚ್ಚಿದೆ. ಅದು ಬೇಗ ಬೆಳೆಯುವುದು, ಮೆಣಸಿನ ಬಳ್ಳಿಗೆ ಆಸರೆಯಾಗುವುದು, ಮಾರಲು ಸುಲಭ ಎಂಬುದೇನೋ ದಿಟ. ಆದರೆ ಹಳೆಯ ಮತ್ತಿ, ಹಲಸು, ಅತ್ತಿ, ಬಸರಿಗಳ ಜೊತೆಯಲ್ಲಿ ಅವುಗಳ ಮೇಲಿದ್ದ ಸೀತಾಳೆಗಳೂ ಹಕ್ಕಿಗಳ ಆಹಾರವೂ ಹೋಗುವುವು.

ಅಡಕೆ ಸೀಮೆಯ ಸೊಪ್ಪಿನ ಬೆಟ್ಟಗಳಲ್ಲಿ ಇನ್ನೊಂದು ತೊಂದರೆ. ಉತ್ತರ ಕನ್ನಡದ ಘಟ್ಟದ ಮೇಲಣ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟಿರುವ ಪದ್ಧತಿಯು ಪ್ರಸಿದ್ಧವಾಗಿದೆ. ಅಲ್ಲಿ ಮರವನ್ನು ವರುಷವರುಷವೂ ತುದಿಯವರೆಗೆ ಬೋಳಿಸಿದರೆ ಮರವೂ ಕ್ಷೀಣಿಸುವುದು, ನೆರಳನ್ನು ಬಯಸುವ ಸೀತಾಳೆಯೂ ಬಿಸಿಲಿಗೆ ಬೆಂದುಹೋಗುವುದು.

ಇವುಗಳಿಗಿಂತಲೂ ಕೆಟ್ಟದ್ದು ಮಾರಾಟದ ಆಸೆ. ಹೂವಿನ ಕಾಲದಲ್ಲಿ ಗಿಡಗಳನ್ನು ಬುಡಸಹಿತ ಕಿತ್ತು ಪಟ್ಟಣಗಳಿಗೆ ಸಾಗಿಸುವವರುಂಟು. ಹೀಗೆ ಕೊಂಡವರು ಅದನ್ನು ಕುಂಡದ ಮಣ್ಣಿನಲ್ಲಿ ಹೂತು ದಿನವೂ ನೀರೆರೆಯುವುದರಿಂದ ಬೇರು ಕೊಳೆತು ಗಿಡವು ಸಾಯುವುದು. ಮಾರಿದವನಿಗೆ ನಾಲ್ಕು ಕಾಸು ದೊರೆತರೂ ಕೊಂಡವನಿಗೆ ಹೂವಿಲ್ಲ, ಕಾಡಿಗೆ ಗಿಡವಿಲ್ಲ.

ಕಾನೂನಿನ ಕಟ್ಟಳೆ

ಕಾಡುಪ್ರಾಣಿ ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಎಂಬ ಒಪ್ಪಂದಕ್ಕೆ ಭಾರತವು 1976ರಲ್ಲಿ ಸೇರಿತು. ಸೀತಾಳೆಯ ಕುಟುಂಬವೆಲ್ಲವೂ ಆ ಒಪ್ಪಂದದ ಅನುಬಂಧಗಳಲ್ಲಿ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಈ ಒಪ್ಪಂದದ ಪಟ್ಟಿಯು ನಮ್ಮ ಕಾಯಿದೆಯೊಳಗೇ ಬಂದಿತು. ಆ ತಿದ್ದುಪಡಿಯು 1 ಏಪ್ರಿಲ್ 2023ರಿಂದ ಜಾರಿಯಲ್ಲಿದೆ. ಸರ್ಕಾರದ ಕಾಡಿನಿಂದ ಅಪ್ಪಣೆಯಿಲ್ಲದೆ ಗಿಡಗಳನ್ನು ತೆಗೆಯುವುದು 1963ರ ಕರ್ಣಾಟಕ ಅರಣ್ಯ ಕಾಯಿದೆಯ ಪ್ರಕಾರವೂ ಅಪರಾಧವಾಗಬಹುದು. ಸೊಪ್ಪಿನ ಬೆಟ್ಟದ ಸೌಲಭ್ಯವು ತೋಟದ ಗೊಬ್ಬರಕ್ಕಾಗಿ ಕೊಟ್ಟುದೇ ಹೊರತು ಅಲ್ಲಿಯ ಗಿಡಗಳನ್ನು ವ್ಯಾಪಾರ ಮಾಡುವುದಕ್ಕಲ್ಲವೆಂಬುದನ್ನು ಜ್ಞಾಪಕದಲ್ಲಿಡಬೇಕು.

2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಏರ್ಪಟ್ಟಿರುವುವು. ಊರಿನ ಸಸ್ಯ ಪ್ರಾಣಿಗಳ ದಾಖಲೆಯ ಪುಸ್ತಕವನ್ನು ಇಡುವುದು ಇವುಗಳ ಕೆಲಸ. ಯಾವ ಬನದಲ್ಲಿ, ಯಾವ ಮರದಲ್ಲಿ ಸೀತಾಳೆಯುಂಟು, ಯಾವ ತಿಂಗಳಲ್ಲಿ ಹೂಬಿಟ್ಟಿತು ಎಂಬುದನ್ನು ಈ ಪುಸ್ತಕದಲ್ಲಿ ಬರೆಯಿಸುವುದಕ್ಕೆ ಹಣವು ಬೇಕಿಲ್ಲ. ಮುಖಂಡರ ಆಸಕ್ತಿಯೊಂದೇ ಸಾಕು.

ಭೂಮಾಲೀಕರು ಅನುಸರಿಸತಕ್ಕ ಕ್ರಮಗಳು

ಮೊದಲನೆಯದಾಗಿ, ಮರ ಹತ್ತುವ ಆಳಿಗೆ ಸೀತಾಳೆಯನ್ನೂ ಬಂದಳಿಕೆಯನ್ನೂ ಕೈಯಲ್ಲಿ ಹಿಡಿದು ತೋರಿಸಿ ಭೇದವನ್ನು ತಿಳಿಸತಕ್ಕದ್ದು.

ಎರಡನೆಯದಾಗಿ, ಸೊಪ್ಪು ಕಡಿಯುವಾಗ ಸೀತಾಳೆಯಿರುವ ದಪ್ಪ ಕವಲುಗಳನ್ನೂ ಅವುಗಳಿಗೆ ನೆರಳಾದ ಒಂದೆರಡು ಕೊಂಬೆಗಳನ್ನೂ ಬಿಡತಕ್ಕದ್ದು. ಬೆಟ್ಟವನ್ನು ಭಾಗಗಳಾಗಿ ಮಾಡಿ ಸರದಿಯ ಮೇಲೆ ಸೊಪ್ಪು ತೆಗೆದರೆ ಮರಕ್ಕೆ ವಿಶ್ರಾಂತಿ ದೊರೆತು ಮುಂದಣ ಸೊಪ್ಪೂ ಹೆಚ್ಚುವುದು.

ಮೂರನೆಯದಾಗಿ, ತೋಟದಲ್ಲಿ ಮರ ಬದಲಾಯಿಸುವಾಗ ಒರಟು ತೊಗಟೆಯ ಕೆಲವು ಹಳೆಯ ಮರಗಳನ್ನಾದರೂ ಉಳಿಸತಕ್ಕದ್ದು.

ನಾಲ್ಕನೆಯದಾಗಿ, ತಮ್ಮ ಹಿಡುವಳಿಯಲ್ಲಿ ಗಾಳಿಮಳೆಗೆ ಮರವು ಬಿದ್ದರೆ ಅದರ ಮೇಲಿನ ಸೀತಾಳೆಗಳನ್ನು ಸಾಯಲು ಬಿಡದೆ ಬೇರೆ ಮರಕ್ಕೆ ಸೇರಿಸತಕ್ಕದ್ದು. ಬೇರುಗಳು ಹರಿಯದಂತೆ ತೊಗಟೆಯ ತುಂಡಿನೊಡನೆಯೇ ಗಿಡವನ್ನು ಬಿಡಿಸಬೇಕು. ಹತ್ತಿರದ ಒರಟು ತೊಗಟೆಯ ಮರದಲ್ಲಿ, ಆಳಿನ ಎತ್ತರಕ್ಕಿಂತ ಮೇಲೆ, ಅರೆನೆರಳಿನ ಕವಲಿಗೆ ಅದನ್ನು ಒತ್ತಿ ತೆಂಗಿನ ನಾರಿನ ಹುರಿಯಿಂದಾಗಲಿ ಬಾಳೆಯ ನಾರಿನಿಂದಾಗಲಿ ಅಲುಗಾಡದಂತೆ ಕಟ್ಟಬೇಕು. ತಂತಿಯನ್ನು ಬಳಸಕೂಡದು. ಮಣ್ಣು, ಸಗಣಿಗಳನ್ನು ಮೆತ್ತಕೂಡದು. ಮಳೆಗಾಲದ ಆರಂಭವು ಇದಕ್ಕೆ ತಕ್ಕ ಸಮಯ. ಹುರಿಯು ಕೊಳೆಯುವಷ್ಟರಲ್ಲಿ ಹೊಸ ಬೇರುಗಳು ತೊಗಟೆಯನ್ನು ಹಿಡಿದಿರುವುವು.

ಐದನೆಯದಾಗಿ, ಹೂ ಮುಡಿಯುವ ಸಂಪ್ರದಾಯವನ್ನು ನಿಲ್ಲಿಸಬೇಕಾಗಿಲ್ಲ. ಸ್ವಂತ ಹಿತ್ತಿಲಿನ ಮರದಿಂದ ಒಂದೆರಡು ಗೊಂಚಲುಗಳನ್ನು ಕೊಯ್ದು ಉಳಿದುವನ್ನು ಕಾಯಿಗೆ ಬಿಡತಕ್ಕದ್ದು. ಬುಡವನ್ನು ಮಾತ್ರ ಅಲುಗಿಸಕೂಡದು.

ಆರನೆಯದಾಗಿ, ಹೂವಿನ ಬೇಸಾಯದಿಂದ ಹಣ ಗಳಿಸಲಿಚ್ಛಿಸುವವರು ಪ್ರಯೋಗಶಾಲೆಗಳಲ್ಲಿ ಎಬ್ಬಿಸಿದ ಮಿಶ್ರಜಾತಿಯ ಡೆಂಡ್ರೋಬಿಯಮ್ ಮೊದಲಾದ ಸಸಿಗಳನ್ನು ನೆರಳುಬಲೆಯ ಕೆಳಗೆ ಬೆಳೆಸಬಹುದು. ಸಿಕ್ಕಿಮಿನ ಪಾಕ್ಯೋಂಗಿನಲ್ಲಿ 1996ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನ ಕೇಂದ್ರವು ಈ ವಿಷಯದಲ್ಲಿಯೇ ಕೆಲಸ ಮಾಡುತ್ತಿದೆ. ಕಾಡಿನ ಗಿಡದಿಂದ ವ್ಯಾಪಾರವನ್ನು ಪ್ರಾರಂಭಿಸಬೇಕಾದ ಅಗತ್ಯವಿಲ್ಲ.

ಉಪಸಂಹಾರ

ಸೀತಾಳೆ ದಂಡೆಯಿಂದ ರೈತನ ಕಣಜಕ್ಕೆ ಒಂದು ಕೊಳಗ ಧಾನ್ಯವೂ ಬರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಅದು ರೈತನಿಂದ ಏನನ್ನೂ ತೆಗೆದುಕೊಳ್ಳುವುದೂ ಇಲ್ಲ. ಅದಕ್ಕೆ ಬೇಕಾದುದು ಹಳೆಯ ಮರ, ತುಸು ನೆರಳು, ಶುದ್ಧವಾದ ಗಾಳಿ. ಇವೇ ತೋಟಕ್ಕೂ ಹಳ್ಳದ ನೀರಿಗೂ ಬೇಕಾದುವು. ಮರವನ್ನು ಕಾಯ್ದವನು ಸೀತಾಳೆಯನ್ನು ಕಾಯುವನು. ಸೀತಾಳೆಯನ್ನು ಗುರುತಿಸಿದವನು ಬಂದಳಿಕೆಯನ್ನೂ ಗುರುತಿಸಿ ಮರವನ್ನು ಉಳಿಸಿಕೊಳ್ಳುವನು. ಬರುವ ಮುಂಗಾರಿನ ಮೊದಲಲ್ಲಿ ಪ್ರತಿಯೊಬ್ಬ ಯಜಮಾನರೂ ತಮ್ಮ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಿ, ಆಳುಗಳಿಗೂ ಮಕ್ಕಳಿಗೂ ಈ ಭೇದವನ್ನು ತೋರಿಸಿಕೊಟ್ಟರೆ ಈ ಲೇಖನದ ಉದ್ದೇಶವು ಸಫಲವಾದಂತೆಯೇ ಸರಿ.